ಅಣಬೆ ಅಂತ ತಿನ್ನಿಸಿದ್ದು

ಚಿದ್ರಿ, ಬೀದರ
7 ಏಪ್ರಿಲ್ 2025

ಪ್ರೀತಿಯ ಅವ್ವನಿಗೆ, ನಿನ್ನ ಶಶಿಯ ಶರಣು ಶರಣಾರ್ಥಿ.

ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿ ಇಡೀ ಓಣಿಗೆ ಕೇಳಿಸುತ್ತಾರೆ. ಅದಕ್ಕೇ ಫಾಲ್ ಹಚ್ಚಿಸಿದ ನಿನ್ನ ಸೀರೆಯ ಮಡಿಕೆಯಲ್ಲಿ ಈ ಪತ್ರ ಇಟ್ಟು ಔರಾದ ಬಸ್ಸಿಗೆ ಕೊಡುತ್ತಿದ್ದೇನೆ. ಒಬ್ಬಳೇ ಕೂತು ಓದು.

ಭಾಲ್ಕಿಯ ನಂದಕುಮಾರ ನನಗೆ ಬೇಡ. ಬಸವ ಜಯಂತಿಗೆ ಇಟ್ಟುಕೊಂಡ ನಿಶ್ಚಯ ನಿಲ್ಲಿಸಿಬಿಡು. ಬೀಗರಿಗೆಲ್ಲ ಹೇಳಿ ಆಗಿದೆ, ಸೀರೆಯೂ ಬಂದಿದೆ, ಗೊತ್ತು. ಆದರೂ ಬೇಡ. ಅವನ ಕೊರಳಲ್ಲಿ ಲಿಂಗ ನೋಡಿಯೇ ನೀನು ಹಿಗ್ಗಿ ಒಪ್ಪಿಕೊಂಡೆ. ಅದು ನಿನ್ನ ತಪ್ಪಲ್ಲ, ನಾನೂ ಅದನ್ನೇ ನೋಡಿದ್ದು.

ನಿಶ್ಚಯಕ್ಕೆ ಮೊದಲು ಒಂದು ಸಲ ಮಾತಾಡಿಕೊಳ್ಳಿ ಅಂದಿರಲ್ಲ, ನಿನ್ನೆ ಹೋಗಿದ್ದೆ. ಅವನೇ ಹೇಳಿದ ಕೆಫೆ. ಕೆಫೆ ಅಂದರೆ ಏನು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಅಂಟಿಸಿದ ಹಸಿರು ಹುಲ್ಲಿನ ಚಾಪೆ. ಎದುರಿಗೇ ಒಲೆ, ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ನೂಡಲ್ಸ್ ಹಾರಿಸಿ ಹಾರಿಸಿ ಹುರಿಯುತ್ತಾರೆ. ಒಳಗೆ ಹೋಗುವ ಮೊದಲು ಅವನು ಕೊರಳಿನ ಲಿಂಗ ತೆಗೆದು ಸ್ಕೂಟರ್ ಡಿಕ್ಕಿಯಲ್ಲಿ, ಗಾಡಿ ಒರೆಸುವ ಅರಿವೆಯ ಪಕ್ಕ ಇಟ್ಟ. ‘ಬಿಸಲಾಗ ಎದಿ ಉರೀತದರಿ’ ಅಂದ. ಪಾಪ, ಬೆವರುಸಾಲೆ ಆಗಿರಬೇಕು ಅಂದುಕೊಂಡೆ. ಎಂಥ ದಡ್ಡಿ ನಾನು!

ನನ್ನನ್ನು ಕೂರಿಸಿ, ತಾನೇ ಒಲೆಯ ಹತ್ತಿರ ಹೋಗಿ ಮೆಲ್ಲಗೆ ಆರ್ಡರ್ ಹೇಳಿ ಬಂದ. ಎಣ್ಣೆ ಸುರಿಯುವ ನೂಡಲ್ಸ್ ಬಂತು. ನಡುನಡುವೆ ಬಿಳಿ ಉಂಗುರಗಳು, ಕೆಂಪಗೆ ಮುದುಡಿದ ತುಂಡುಗಳು. ಇದೇನು ಅಂತ ಕೇಳಿದೆ. ‘ಅಣಬಿರಿ, ಹೈದ್ರಾಬಾದಿಂದ ಬರ್ತಾವ’ ಅಂದ. ಬಾಯಲ್ಲಿಡುತ್ತಲೇ ಹೇಸಿಗೆ ಬಂತವ್ವ. ಒಣಗದ ಕಾಲುಚೀಲದ ವಾಸನೆ, ಅಗಿದಷ್ಟೂ ರಬ್ಬರು. ಅಷ್ಟರಲ್ಲಿ ಬಡಿಸುವವನು ಬಂದು, ‘ಝಿಂಗಾ ಹ್ಯಾಂಗ ಆಗ್ಯಾವರಿ ಮೇಡಂ?’ ಅಂತ ಕೇಳಿದ. ಝಿಂಗಾ ಅಂದರೆ ಸಿಗಡಿ. ಬಿಳಿ ಉಂಗುರವೂ ಸಮುದ್ರದ ಯಾವುದೋ ಜೀವವಂತೆ. ನಂದಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೋರಿಯ ಹತ್ತಿರ ಓಡಿಹೋಗಿ ಎಲ್ಲ ಕಾರಿಕೊಂಡೆ. ಹಿಂದೆಯೇ ಬಂದು ನಿಂತ. ‘ಇವತ್ತಿಲ್ಲ ನಾಳಿ ರೂಢಿ ಆಗ್ತದರಿ. ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ’ ಅಂದ. ಆಗ ನನಗೆ ತಿಳಿಯಿತು. ಏನು ತಿನ್ನುತ್ತೇವೆ ಅಂತ ಗೊತ್ತಿದ್ದೇ ತನ್ನ ಲಿಂಗ ತೆಗೆದಿಟ್ಟು ಬಂದಿದ್ದ. ನನ್ನದು ನನ್ನ ಎದೆಯ ಮೇಲೇ ಇತ್ತು. ಅದನ್ನು ನೋಡಿಯೂ ನನಗೆ ತಿನ್ನಿಸಿದ.

ಮಾಂಸ ತಿನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಲ್ಯಾಬಿನ ಶಮೀಮ ಡಬ್ಬಿಯಲ್ಲಿ ಖೀಮಾ ತಂದ ದಿನ, ಮುಚ್ಚಳ ತೆರೆಯುವ ಮೊದಲೇ ‘ಶಶಿ, ಆ ಕಡಿ ಕುಂದರ್ಲೇನು?’ ಅಂತ ಕೇಳುತ್ತಾಳೆ. ನಾನೇ ಬೇಡ ಅಂತ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಇವನೂ ‘ನಾ ತಿಂತೇನಿ’ ಅಂತ ಬಾಯಿಬಿಟ್ಟು ಹೇಳಿದ್ದರೆ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆ. ಈಗ ಅವನ ಹೆಸರು ಕೇಳಿದರೂ ವಾಕರಿಕೆ ಬರುತ್ತದೆ. ಸುಳ್ಳು ಹೇಳಿ ಊಟ ಹಾಕುವವನ ಮನೆಯಲ್ಲಿ ನಾನು ಹೇಗೆ ಬಾಳಲಿ?

ಹಲ್ಲು ಉಜ್ಜಿ ಉಜ್ಜಿ ಒಸಡು ಉರಿಯುತ್ತಿದೆ. ಇವತ್ತು ಬೆಳಿಗ್ಗೆ ಪೂಜೆಗೆ ಕೂತವಳಿಗೆ ಅಂಗೈಯಲ್ಲಿ ಲಿಂಗ ಹಿಡಿಯಲು ಧೈರ್ಯ ಬರಲಿಲ್ಲ. ಹಿಡಿಯಬಹುದೋ ಇಲ್ಲವೋ ನೀನು ಹೇಳು. ಸ್ವಾಮಿಗಳನ್ನು ಕೇಳಲು ಹೋಗಬೇಡ, ನೀನೇ ಹೇಳು.

ನಿನ್ನ ಮಾತಿಗೆ ಕಾದಿರುವ ಮಗಳು,
ಶಶಿಕಲಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬಾಯಲ್ಲಿಡುತ್ತಲೇ ನನಗೆ ಹೇಸಿಗೆ ಬರಲಿಲ್ಲ, ರುಚಿ ಹತ್ತಿತು. ‘ಛಲೋ ಅದರಿ’ ಅಂತ ಇನ್ನಷ್ಟು ಹಾಕಿಸಿಕೊಂಡೆ. ಅದನ್ನೆಲ್ಲ ಅವನು ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಾನೆ. ಮದುವೆ ಬೇಡ ಅಂದರೆ ಅಪ್ಪನಿಗೆ ಕಳಿಸುತ್ತಾನಂತೆ. ಕಳಿಸಿಕೋ ಹೋಗು ಅಂತ ಹೇಳಿ ಬಂದೆ. ಅಪ್ಪ ನೋಡಿದರೆ ನೋಡಲಿ, ನೀನು ಮಾತ್ರ ನೋಡಬೇಡವ್ವ. ಅದರಲ್ಲಿ ನಾನು ನಗುತ್ತಿದ್ದೇನೆ.