ಬೇವಿನ ನೆರಳಿನ ಎರಡನೇ ಸಾಲು

ಅತ್ತಮ್ಮಾ,

"ಬಿಸಿಲು ಬಂತೆಂದು ಬೇವು ನೆರಳ ಮಡಚೀತೇನಮ್ಮ..." ಇದರ ಮುಂದಿನ ಸಾಲು ಯಾವುದು? ಬೆಳಿಗ್ಗೆಯಿಂದ ಇಷ್ಟನ್ನೇ ಗುನುಗುತ್ತಿದ್ದೇನೆ. ಇದಾದರೂ ನೀವು ಹಾಡಿದಂತೆಯೇ ಇದೆಯೋ, ನಾನೇ ಎಲ್ಲೋ ತಿದ್ದಿ ಇಟ್ಟುಕೊಂಡಿದ್ದೇನೋ, ಅದೂ ಖಚಿತವಿಲ್ಲ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇದರ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ ಮೂರು ಸಾಲುಗಳಿವೆ. ಮೂರನ್ನೂ ನಾನೇ ಹೊಡೆದುಹಾಕಿದ್ದೇನೆ. ನಾಳೆ ರಾಯದುರ್ಗಕ್ಕೆ ಹೊರಡಬೇಕು. ಅಲ್ಲಿಯ ಬೇಸಿಗೆ ಸಂಗೀತೋತ್ಸವದಲ್ಲಿ ನಿಮ್ಮ ಹಾಡು ಹಾಡುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಬಚ್ಚಲಮನೆಯಲ್ಲೂ ಬಾಯಿ ಬಿಡದ ನಾನು! ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ನೀವು ಮೊದಲ ಸಲ ನನ್ನ ತವರು ರಾಯದುರ್ಗಕ್ಕೆ ಹೊರಟ ದಿನ ಮಡಕಶಿರದ ನಮ್ಮ ಬೀದಿಯೇ ನಕ್ಕಿತ್ತು. ಪಕ್ಕದ ಮನೆಯ ಗಂಗಮ್ಮ ಹೊಲಿಗೆ ಮಿಷನ್ ನಿಲ್ಲಿಸಿ, "ಏನಕ್ಕೋ, ಸೊಸೆ ತವ್ರಿಗೆ ಹೋಗೋದು ಕಂಡಿದ್ದೆ. ಅತ್ತೇನೂ ಗಂಟು ಕಟ್ಕಂಡು ಹಿಂದೆ ಹೋಗ್ತಾಳಾ?" ಎಂದರು. ನೀವು ತಿರುಗಿ, "ನಾನೇನು ಬೀಗ್ರ ಮನೆ ಊಟಕ್ಕೆ ಹೋಗ್ತಿಲ್ಲ ಕಣೆ, ಹಾಡು ಕೇಳಾಕೆ ಹೋಗ್ತಿದೀನಿ. ಹೊಟ್ಟೆ ಉರಿದ್ರೆ ನೀನೂ ಬಾ" ಎಂದಿರಿ. ಕಂಕುಳಲ್ಲಿ ಎರಡು ಚಾಪೆ, ಕೈಯಲ್ಲಿ ಮೊಸರನ್ನದ ಡಬ್ಬಿ. ಪಾವಗಡದಲ್ಲಿ ಒಂದು ಬಸ್ಸು, ಕಲ್ಯಾಣದುರ್ಗದಲ್ಲಿ ಇನ್ನೊಂದು. ತವರಿನ ಬಾಗಿಲಲ್ಲೇ ನನ್ನ ಅತ್ತಿಗೆ, "ಬರ್ರಿ, ಒಳಗ ಬರ್ರಿ, ಯಾಕ ಬಿಸಿಲಾಗ ನಿಂತೀರಿ?" ಎಂದು ಜೋರಾಗಿ ಕರೆದರೆ ನೀವು ನನ್ನ ಕಿವಿಯಲ್ಲಿ, "ಬೈತಾವ್ಳೇನಮ್ಮ?" ಎಂದು ಕೇಳಿದಿರಲ್ಲ! ಆ ನಗು ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಉತ್ಸವ ನಡೆಯುವ ಶಾಲೆಯ ಬಯಲಿನ ಬೇವಿನ ಕೆಳಗೆ ಮೊದಲ ಬೆಳಿಗ್ಗೆ ಎಲ್ಲಿ ಚಾಪೆ ಹಾಸಿದೆವೋ ಐದು ದಿನವೂ ಆ ಜಾಗ ನಮ್ಮದು. ಯಾರೂ ಮುಟ್ಟುತ್ತಿರಲಿಲ್ಲ. ಆಮೇಲೆ ಪ್ರತಿ ಬೇಸಿಗೆ ಹೋದೆವು. ಬೇರೆ ಊರುಗಳ ಉತ್ಸವಗಳಿಗೂ ನಿಮ್ಮನ್ನು ಕರೆದೊಯ್ದೆ. ಒಂದು ಕಡೆ ದೊಡ್ಡ ಗಾಯಕರು, ಮೆತ್ತನೆಯ ಕುರ್ಚಿ, ತಣ್ಣನೆಯ ಸಭಾಂಗಣ. ಹೊರಗೆ ಬಂದಮೇಲೆ ಹೇಗಿತ್ತೆಂದು ಕೇಳಿದರೆ, "ಚೆನ್ನಾಗಿತ್ತು. ಆದ್ರೆ ಹಾಡೋರಿಗೆ ನಮ್ ಮುಖ ಕಾಣ್ತಿರಲಿಲ್ಲ ಕಣಮ್ಮ. ಅಷ್ಟು ದೂರ ಬಂದು ರೇಡಿಯೋ ಕೇಳ್ದಂಗಾಯ್ತು" ಎಂದಿರಿ. ಯಾವ ಉತ್ಸವಕ್ಕೆ ಬಸ್ಸು ಹತ್ತಬಹುದು, ಯಾವುದಕ್ಕೆ ಬೇಡ ಎಂಬುದಕ್ಕೆ ನಿಮ್ಮ ಬಳಿ ಇದ್ದ ಅಳತೆ ಅದೊಂದೇ. ಕಾವ್ಯ ಓದಿಕೊಂಡವಳು, ಶಾಲೆಯಲ್ಲಿ ಪಾಠ ಹೇಳುವವಳು ನಾನು. ಆದರೂ ಆಗ ನಿಮ್ಮ ಮಾತನ್ನು ತಮಾಷೆಯೆಂದೇ ಎಣಿಸಿದೆ.

ಆರನೆಯ ವರ್ಷವೋ ಏಳನೆಯದೋ, ರಾಯದುರ್ಗದ ಉತ್ಸವದವರು ಊರಿನ ಹೆಂಗಸರಿಗೂ ಒಂದು ಬೆಳಿಗ್ಗೆ ವೇದಿಕೆ ಬಿಟ್ಟುಕೊಡುತ್ತೇವೆ ಎಂದರು. ಅರ್ಜಿಯಲ್ಲಿ ನಿಮ್ಮ ಹೆಸರು ಬರೆದೆ. ಅದರ ಕೆಳಗೆ "ಭಾಷೆ" ಎಂದಿತ್ತು. ನನ್ನ ಪೆನ್ನು ಅಲ್ಲಿ ನಿಂತಿತು. ನಿಮ್ಮ ಹಾಡಿನ ಮೊದಲ ಸಾಲು ಕನ್ನಡ. ಎರಡನೆಯದು ಒಂದು ದಿನ ತೆಲುಗಿನಲ್ಲಿ, "ಎಂಡಕಿ ಬೆದಿರಿತೆ ನೀಡ ಎವರಿಸ್ತಾರಮ್ಮ". ಬಿಸಿಲಿಗೆ ಹೆದರಿದರೆ ನೆರಳು ಕೊಡುವವರು ಯಾರು ಅಂತ. ಇನ್ನೊಂದು ದಿನ, "ಬಂದೋರು ಕುಂತಾರೆ, ಮಡಚೋದು ಹೆಂಗಮ್ಮ". ಮತ್ತೊಂದು ದಿನ, "ಬಸ್ಸು ಬರೋಗಂಟ ಹಾಸಿರಲಿ ಬಿಡಮ್ಮ". ಅಷ್ಟು ಹಳೆಯ ಪದಕ್ಕೆ ಬಸ್ಸೆಲ್ಲಿಂದ ಬಂತು? ನಿಮಗೆ ವಯಸ್ಸಾಯಿತು, ಸಾಲು ಮರೆತು ಬಾಯಿಗೆ ಬಂದದ್ದು ಸೇರಿಸುತ್ತಿದ್ದೀರಿ ಎಂದುಕೊಂಡೆ. "ನಿನ್ನೆ ಬೇರೆ ಹೇಳಿದ್ರಲ್ಲ?" ಎಂದರೆ, "ಹೌದಾ? ನಿನ್ನೆ ಬೇರೆ ದಿನ ಅಲ್ವಾ" ಎಂದು ನಕ್ಕಿರಿ. ನಾನು ಮೂರನ್ನೂ ಹೊಡೆದುಹಾಕಿ, "ನೆರಳೀವುದೇ ಬೇವಿನ ಧರ್ಮ ಕೇಳಮ್ಮ" ಎಂದು ಒಂದು ಸಾಲು ಕಟ್ಟಿ ಕಲಿಸಿದೆ. ಭಾಷೆ: ಕನ್ನಡ. ನನ್ನ ತವರಿನವರ ಎದುರು ನೀವು ನಗೆಪಾಟಲಾಗಬಾರದು ಎಂದೇ... ಅಥವಾ ನಾನು ಆಗಬಾರದು ಎಂದೋ?

ವೇದಿಕೆಯ ಮೇಲೆ ನೀವು ಸೆರಗು ಹೊದ್ದು ಕೂತಿರಿ. ಮೊದಲ ಸಾಲು ಹಾಡಿದಿರಿ. ಆ ದನಿಗೆ ಬಯಲಿನ ಗದ್ದಲವೆಲ್ಲ ಅಡಗಿತು. ಆಮೇಲೆ ನಿಲ್ಲಿಸಿದಿರಿ. ನನ್ನನ್ನೇ ನೋಡಿದಿರಿ. ನಾನು ತುಟಿ ಅಲ್ಲಾಡಿಸಿ "ನೆರಳೀವುದೇ" ಎಂದು ಸನ್ನೆ ಮಾಡಿದೆ. ನೀವು ಮತ್ತೆ ಮೊದಲ ಸಾಲನ್ನೇ ಹಾಡಿದಿರಿ, ಮತ್ತೆ ನಿಂತಿರಿ, ಮತ್ತೆ ನನ್ನ ಕಡೆಗೇ... ನನಗೆ ನಾಚಿಕೆಯಾಗಿ ತಲೆ ಬಗ್ಗಿಸಿಬಿಟ್ಟೆ. ಯಾರೋ ಚಪ್ಪಾಳೆ ತಟ್ಟಿ ನಿಮ್ಮನ್ನು ಇಳಿಸಿದರು. ಬಸ್ಸು ಕಲ್ಯಾಣದುರ್ಗ ದಾಟಿತು. ಆಮೇಲೆ ಡಬ್ಬಿ ಬಿಚ್ಚಿ, "ಹುಳಿ ಬಂದ್ಬಿಡ್ತೈತೆ, ತಿನ್ನು" ಎಂದಿರಿ. ಅಷ್ಟೇ. ಮುಂದಿನ ಬೇಸಿಗೆಗಳಲ್ಲಿ ಚಾಪೆ ಹೊತ್ತು ನನ್ನ ಜೊತೆ ಬಂದಿರಿ, ಆದರೆ ಆ ಹಾಡನ್ನು ಮಾತ್ರ ಮತ್ತೆ ಹಾಡಲಿಲ್ಲ. ಮರೆತಿರೆಂದು ನಾನು ತಿಳಿದೆ. ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಹೋದ ಕಾರ್ತಿಕದಲ್ಲಿ ನೀವು ನಮ್ಮನ್ನು ಬಿಟ್ಟುಹೋದಿರಿ. ಈ ಬೇಸಿಗೆ ಬೇಡವೆಂದು ಕೂತಿದ್ದೆ. ಅತ್ತಿಗೆ ಫೋನ್ ಮಾಡಿ, "ಹಂಗಂದ್ರ ಹೆಂಗ್ರಿ? ನಿಮ್ಮತ್ತಿಯವರ ಹಾಡು ಅರ್ಧಕ್ಕ ನಿಂತೈತಿ, ಇಲ್ಲಿ ಹೆಣ್ಮಕ್ಕಳು ಇನ್ನೂ ಕೇಳ್ತಾರ. ನೀವಾರ ಬಂದು ಪೂರ್ತಿ ಮಾಡ್ರಿ" ಎಂದರು. ಹೂಂ ಎಂದುಬಿಟ್ಟೆ. ಅದೇ ಅರ್ಜಿ ಮತ್ತೆ ಬಂದಿದೆ. ನಿಮ್ಮ ಹೆಸರಿನ ಪಕ್ಕ ನನ್ನ ಹೆಸರು ಬರೆದಿದ್ದೇನೆ. ಭಾಷೆಯ ಜಾಗ ಖಾಲಿ ಇದೆ. ನಾನು ಕಟ್ಟಿದ ಸಾಲು ನಾಲಗೆಯ ಮೇಲೆ ಒಣಗಿದ ಕಡ್ಡಿಯಂತೆ ಅಡ್ಡ ಕೂತಿದೆ. ಹೊಡೆದುಹಾಕಿದ ಮೂರರಲ್ಲಿ ನಿಜವಾದದ್ದು ಯಾವುದು?

ಇಷ್ಟು ಬರೆಯುವಷ್ಟರಲ್ಲಿ ಗಂಗಮ್ಮ ಬಂದರು, ಪ್ರಯಾಣಕ್ಕೆಂದು ಕೊಟ್ಟಿದ್ದ ರವಿಕೆ ಹೊಲಿದುಕೊಂಡು. ಅವರನ್ನೇ ಕೇಳಿದೆ.

"ಎರಡ್ನೇ ಸಾಲಾ? ಯಾವೊತ್ತಿಂದು?" ಎಂದರು.

"ಯಾವತ್ತಿಂದು ಅಂದ್ರೆ?"

"ಅಯ್ಯೋ ಟೀಚರಮ್ಮ! ಬಿತ್ತನೆಗೆ ಕಡ್ಲೇಕಾಯಿ ಸುಲಿಯೋವಾಗ ನಾವು ಹಂಗೇ ಅಲ್ವಾ ಹಾಡ್ತಿದ್ದಿದ್ದು? ಒಬ್ರು ಒಂದ್ ಸಾಲು ಬಿಡೋದು, ಎದುರಿಗೆ ಕುಂತೋರು ಆವೊತ್ತು ಏನ್ ತೋಚ್ತೈತೋ ಅದನ್ನ ಸೇರ್ಸೋದು. ಪಕ್ಕದೂರು ರೊಳ್ಳದಿಂದ ಕೂಲಿಗೆ ಬರ್ತಿದ್ದ ಲಚ್ಚಮ್ಮ ತೆಲುಗಲ್ಲಿ ಹೇಳೋಳು. ಬಸ್ಸಿಂದು ನಂದೇ!" ಎಂದು ಹೆಮ್ಮೆಯಿಂದ ಎದೆ ಮುಟ್ಟಿಕೊಂಡರು. "ಅವೆಲ್ಲ ನೆಪ್ಪಿಟ್ಕಂಡು ಒಬ್ಳೇ ಇದ್ದಾಗ ಹಾಡ್ಕಂತಿದ್ಲು ಅಕ್ಕ."

ವೇದಿಕೆಯ ಸಂಗತಿ ಹೇಳಿದೆ. ಅವರ ನಗು ನಿಂತಿತು. "ಬೇವು ನೆರಳ ಮಡಚೀತಾ ಅಂತ ಕೇಳ್ತಾವ್ಳೆ. ಕೇಳಿದೋಳೇ ಉತ್ರಾನೂ ಹೇಳ್ಕಬೇಕಾ? ಅವತ್ತು ಎದುರಿಗೆ ಕುಂತಿದ್ದೋಳು ನೀನಲ್ವಾ?"

ನೀವು ಕಾಯುತ್ತಿದ್ದಿರೇ ಅತ್ತಮ್ಮಾ? ಹಾಗಾದರೆ ವಾರವಿಡೀ ನನ್ನ ಸಾಲನ್ನು ಒಲೆಯ ಮುಂದೆ ಬಾಯಿಪಾಠ ಮಾಡಿದ್ದೇಕೆ? ನನ್ನ ಮನಸ್ಸು ನೋಯಬಾರದೆಂದೇ? ಅಥವಾ ಅಷ್ಟು ಜನರನ್ನು ಕಂಡು ನಿಜವಾಗಿಯೂ ಮರೆತಿರೇ? ಗಂಗಮ್ಮ ಹೇಳಿದ್ದು ಸರಿಯೆನಿಸುತ್ತದೆ, ಮರುಕ್ಷಣ ಅಲ್ಲವೆನಿಸುತ್ತದೆ. ಇದು ನನಗೆ ಇನ್ನು ತಿಳಿಯುವುದಿಲ್ಲ. ಒಂದು ಮಾತು ಕೊಡಬಲ್ಲೆ: ಆ ವೇದಿಕೆಯ ಮೇಲೆ ನಾನು ಮೊದಲ ಸಾಲನ್ನಷ್ಟೇ ಹಾಡಿ ನಿಲ್ಲಿಸುತ್ತೇನೆ. ಉತ್ತರ ಬರುವವರೆಗೆ ತಲೆ ಬಗ್ಗಿಸುವುದಿಲ್ಲ. ಹಾಗೆಂದು ಗಂಗಮ್ಮನಿಗೂ ಹೇಳಿದೆ. ಬಾಗಿಲು ದಾಟಿದವರು ನಿಂತು, ಗೋಡೆಗೆ ಒರಗಿಸಿದ ಒಂಟಿ ಚಾಪೆಯನ್ನು ನೋಡಿದರು.

"ಹೊಟ್ಟೆ ಉರಿದ್ರೆ ಬಾ ಅಂದಿದ್ಲು ನಿಮ್ಮತ್ತೆ. ಈಗ ಉರೀತೈತೆ. ಅವಳ ಚಾಪೇನೂ ತಗಾ, ನಾನೂ ಬತ್ತೀನಿ. ನೀನು ಕೇಳು, ನಾನ್ ಹೇಳ್ತೀನಿ."