ಹುಳ ಜ್ವರಕ್ಕೆ ಕೂತಾಗ ನೋಡಿಸಿದ ಇಂಜಿನ್

ಕಲ್ಯ, ಮಾಗಡಿ ತಾಲ್ಲೂಕು
16-7-2024, ಮಂಗಳವಾರ

ಶ್ವೇತಳ ಅಪ್ಪನಿಗೆ ನನ್ನ ನಮಸ್ಕಾರಗಳು.

ಕಾಲು ಈಗ ಹೇಗಿದೆ? ಡಾಕ್ಟರು ಬೇಡವೆಂದರೂ ಕೋಲು ಮೂಲೆಗಿಟ್ಟು ಓಡಾಡುತ್ತಿದ್ದೀರೆಂದು ಮೈಸೂರಿನಿಂದ ನಿಮ್ಮ ತಂಗಿ ಚಾಡಿ ಹೇಳಿದ್ದಾಳೆ. ಅವಳ ಮನೆಯ ಮುದ್ದೆ ಮೆತ್ತಗಿದೆಯೆಂದು ಮುಖ ಗಂಟು ಹಾಕಬೇಡಿ. ಮೂರು ತಿಂಗಳು ನಿಮ್ಮನ್ನು ಸಹಿಸಿಕೊಂಡಿದ್ದಾಳಲ್ಲ, ಪುಣ್ಯಾತ್ಗಿತ್ತಿ. ನಾವಿಲ್ಲಿ ಕ್ಷೇಮ. ಶ್ವೇತ ದಿನಾ ಮಾಗಡಿಗೆ ಕೆಲಸಕ್ಕೆ ಹೋಗಿ ಬರುತ್ತಾಳೆ. ಫೋನಿರುವಾಗ ಇದೇನು ಕಾಗದ ಎನ್ನುತ್ತೀರಿ. ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ "ಆಯ್ತು ಬುಡು" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ.

ವಿಷಯ ವ್ಯಾನಿನದು. "ಏರಿನಲ್ಲಿ ಮುಕ್ಕರೀತೈತೆ, ಇನ್ನೊಂದು ವರ್ಷ ನಾನಂತೂ ಓಡ್ಸಂಗಿಲ್ಲ. ಜಬ್ಬಾರನ ಕರೆಸಿ ಇಂಜಿನ್ ನೋಡ್ಸು, ಸತ್ತಿದ್ರೆ ಮಾರ್ಬುಡು" ಎಂದಿರಿ. ಅಪ್ಪಣೆಯಂತೆ ಹೋದ ತಿಂಗಳ ಕೊನೆಯಲ್ಲಿ ಜಬ್ಬಾರ್ ಭಾಯಿ ಮಾಗಡಿಯಿಂದ ತಮ್ಮ ಮೀಟರ್ ಹಿಡಿದು ಬಂದರು. ಬಂದ ದಿನವೇ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಸೊಪ್ಪು ಬಿಟ್ಟು, ತಲೆ ಎತ್ತಿ, ಪೊರೆ ಕಳಚುವ ಹೊತ್ತಿನಲ್ಲಿ ಹುಳದಮನೆ ಹತ್ತಿರ ಹೊಗೆ, ಸದ್ದು ಎರಡೂ ಕೂಡದೆಂದು ನನಗೆ ಕಲಿಸಿದವರು ನಿಮ್ಮ ಅಮ್ಮ. ನಿಮ್ಮ ವ್ಯಾನೋ, ಅದರ ಗೋಡೆಗೇ ಒರಗಿಕೊಂಡಿದೆ.

ಸ್ಟಾರ್ಟ್ ಮಾಡಿ ಬಿಸಿ ಮಾಡಬೇಕು ಎಂದರು. ಬೇಡವೇ ಬೇಡ ಎಂದೆ. ಪಾಪ, ನನ್ನ ಮಾತಿಗೆ ಬೆಲೆ ಕೊಟ್ಟು ತಣ್ಣಗಿನ ಇಂಜಿನ್ನನ್ನೇ ನೋಡಲು ಒಪ್ಪಿದರು. ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಬರದಂತೆ ಮಾಡಿ, ಒಂದೊಂದು ತೂತಿಗೂ ಮೀಟರಿನ ಪೈಪು ತಿರುಗಿಸಿ ಕೂರಿಸಿದರು. ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎನ್ನುವುದನ್ನು ಮುಳ್ಳು ತೋರಿಸುತ್ತದಂತೆ. ಒತ್ತಡ ಸೋರಿದರೆ ಇಂಜಿನ್ ಸವೆದಿದೆ ಎಂದರ್ಥ. ಕೀ ತಿರುಗಿಸಲು ನನ್ನನ್ನೇ ಕೂರಿಸಿ, "ಆಕ್ಸಿಲೇಟ್ರು ಪೂರ್ತಿ ತುಳೀರಿ ಅಕ್ಕಾ, ಗಾಳಿ ಒಳಗೆ ಹೋಗ್ಬೇಕು. ಹೊಗೆ ಬರಾಕಿಲ್ಲ" ಎಂದರು. ಕಿವಿಗೆ ಕೇಳಿಸಿತು, ಕಾಲಿಗೆ ಕೇಳಿಸಲಿಲ್ಲ. ಗೋಡೆಯಾಚೆ ಹುಳ ಮಲಗಿರುವಾಗ ಆಕ್ಸಿಲೇಟರ್ ತುಳಿಯಲು ಮೂವತ್ತು ವರ್ಷದ ಅಭ್ಯಾಸ ಬಿಡಬೇಕಲ್ಲ. ಪಾದವನ್ನು ಸುಮ್ಮನೆ ಅದರ ಮೇಲಿಟ್ಟುಕೊಂಡು ಕೂತೆ.

ನೂರೈವತ್ತು ದಾಟಬೇಕಿದ್ದ ಮುಳ್ಳು ತೊಂಬತ್ತಕ್ಕೇ ನಿಂತಿತು. ಮೂರಕ್ಕೂ ಅಷ್ಟೇ. ಜಬ್ಬಾರ್ ಭಾಯಿ ತಲೆ ಕೆರೆದುಕೊಂಡರು. "ಮೂರೂ ಒಂದೇ ಸಮ ಬಿದ್ದೈತಲ್ಲ. ಪೂರ್ತಿ ತುಳಿದ್ರಾ ಅಕ್ಕಾ?" ಎಂದು ಕೇಳಿದರು. ನಾಚಿಕೆಯಾಗಿ ಹೂಂ ಎಂದುಬಿಟ್ಟೆ. ಸಂಜೆ ಶ್ವೇತ ನಿಮಗೆ ಫೋನ್ ಮಾಡಿದಳು, ನೀವು ವ್ಯಾನ್ ಕೊಳ್ಳಲು ಕನಕಪುರದ ಗಿರಾಕಿಗೆ ಶುಕ್ರವಾರ ಬರಲು ಹೇಳಿದಿರಿ. ಎಲ್ಲಾ ಹತ್ತು ನಿಮಿಷದಲ್ಲಿ ಮುಗಿದುಹೋಯಿತು.

ಆಮೇಲೆ ನಾನು ಹೇಳಿದ ಸುಳ್ಳೇ ತಲೆಯಲ್ಲಿ ಕೂತುಬಿಟ್ಟಿತು. ಸೊಪ್ಪು ಕೊಯ್ಯುವಾಗಲೂ ಅದೇ, ಒಲೆ ಮುಂದೆಯೂ ಅದೇ. ಆ ವ್ಯಾನ್ ನನಗೆ ಬೇಕಿತ್ತು. ಯಾಕೆಂದು ಕೊನೆಗೆ ಹೇಳುತ್ತೇನೆ, ಈಗ ಅವಸರ ಮಾಡಬೇಡಿ. ಗುರುವಾರ ಬೆಳಿಗ್ಗೆ ಹುಳ ಜ್ವರದಿಂದೆದ್ದು ಬರಬರನೆ ಸೊಪ್ಪು ತಿನ್ನುವುದನ್ನು ನೋಡಿ ಧೈರ್ಯ ಬಂತು. ಜಬ್ಬಾರ್ ಭಾಯಿಗೆ ಫೋನ್ ಮಾಡಿ, ಸುಳ್ಳು ಹೇಳಿದೆನಪ್ಪಾ, ತುಳಿದಿರಲಿಲ್ಲ ಎಂದೆ. ಬೈಯುತ್ತಾರೆಂದುಕೊಂಡರೆ ಬಿದ್ದು ಬಿದ್ದು ನಕ್ಕರು. "ಅದ್ಕೇ ಅನ್ಕೊಂಡೆ, ಮೂರೂ ಒಟ್ಟಿಗೆ ಹೆಂಗೆ ಸಾಯ್ತವೆ ಅಂತ" ಎಂದವರು ಮಧ್ಯಾಹ್ನದೊಳಗೆ ಬಂದೇಬಿಟ್ಟರು.

ಈ ಸಲ ವ್ಯಾನನ್ನು ರಸ್ತೆಯವರೆಗೆ ತಳ್ಳಿಸಿ, ಕೆರೆ ಏರಿಯ ಮೇಲೆ ಎರಡು ಸುತ್ತು ಹೊಡೆಸಿ ಬಿಸಿ ಮಾಡಿ ಮೀಟರ್ ಹಾಕಿದರು. ಆಕ್ಸಿಲೇಟರನ್ನು ನೆಲಕ್ಕೆ ತಾಗುವಂತೆ ತುಳಿದೆ. ನೂರೈವತ್ತೈದು, ನೂರ ಅರವತ್ತು, ನೂರೈವತ್ತೈದು. ಏರಿನಲ್ಲಿ ಮುಕ್ಕರಿಯುತ್ತಿದ್ದುದು ಸವೆದ ಪ್ಲಗ್ಗುಗಳಿಂದಂತೆ, ಹೊಸವು ಹಾಕಿಕೊಟ್ಟರು. ನನಗೆ ಎಷ್ಟು ಸಂತೋಷವಾಯಿತೆಂದರೆ ಜಬ್ಬಾರ್ ಭಾಯಿಯ ಮನೆಗೆಂದು ಒಂದು ಚೀಲ ಅವರೆಕಾಳು ಕಟ್ಟಿಕೊಟ್ಟೆ. ಕನಕಪುರದ ಗಿರಾಕಿಗೆ ಬರಬೇಡಿ ಎಂದು ನಾನೇ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ, ಅದಕ್ಕೆ ಬೈಯುವುದಿದ್ದರೆ ಬೈಯಿರಿ. ಮೊನ್ನೆ ಗೂಡು ಬಿಡಿಸಿ ವ್ಯಾನಿನಲ್ಲೇ ರಾಮನಗರದ ಮಾರುಕಟ್ಟೆಗೆ ಒಯ್ದೆವು. ಗೂಡು ಗಟ್ಟಿಯಾಗಿದೆ ಎಂದು ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು ಮೆಚ್ಚಿದರು.

ಮಾತ್ರೆ ತಪ್ಪಿಸಬೇಡಿ. ನಿಮ್ಮ ತಂಗಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ. ನಿಮ್ಮ ದಾರಿ ನೋಡುತ್ತಾ,

ಶ್ವೇತಳ ಅಮ್ಮ
ಶಿವಲಿಂಗಮ್ಮ

ತಾ.ಕ.: ಪೋಸ್ಟಿನವರು ಬಂದು ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಸ್ಟೇರಿಂಗಿಗೆ ಕೈಯಿಟ್ಟರೆ ಗದರುತ್ತಿದ್ದಿರಲ್ಲ, ನೀವು ಅತ್ತ ಹೋದ ವಾರವೇ ಶ್ವೇತ ನನ್ನನ್ನು ಡ್ರೈವಿಂಗ್ ಕಲಿಯಲು ಹಾಕಿದಳು. ಹೋದ ತಿಂಗಳು ಲೈಸೆನ್ಸೂ ಬಂತು. ಕೆರೆ ಏರಿ ಮೇಲೆ ಓಡಿಸಿದವಳೂ ನಾನೇ, ಗೂಡು ಒಯ್ದವಳೂ ನಾನೇ. ಭಾನುವಾರ ಬೆಳಿಗ್ಗೆ ನಿಮ್ಮನ್ನು ಕರೆತರಲು ಮೈಸೂರಿಗೆ ಬರುತ್ತೇನೆ. ಬಟ್ಟೆ ಕಟ್ಟಿಟ್ಟುಕೊಳ್ಳಿ. ಎಡಗಡೆಯ ಸೀಟು ನಿಮಗೆ.