ಹಗುರಾದ ಸ್ಟೀರಿಂಗು

ಜೂನ್ ೧೪, ಶನಿವಾರ. ಶ್ರೀನಿವಾಸಪುರ.

ಪಂಪು ಒಂಬತ್ತು ಸಾವಿರ, ಪೈಪು ಎರಡು ಸಾವಿರ, ಆಯಿಲ್ ಎಂಟುನೂರು, ಮೆಕ್ಯಾನಿಕ್ ಸತ್ತಾರ್ ಭಾಯ್ ಕೂಲಿ ಮೂರು ಸಾವಿರ. ಹದಿನಾಲ್ಕು ಸಾವಿರದ ಎಂಟುನೂರು ಸುರಿದು ನನ್ನ ಸೀಟನ್ನು ನಾನೇ ಕಳ್ಕೊಂಡೆ.

ಎರಡು ವರ್ಷ ಈ ಹಳೇ ಕಾರಿನ ಪವರ್ ಸ್ಟೀರಿಂಗ್ ಕೆಟ್ಟಿದ್ದೇ ನನಗೆ ಅನುಕೂಲವಾಗಿತ್ತು. ತಿರುಗಿಸೋಕೆ ಎತ್ತಿನ ಬಲ ಬೇಕಿತ್ತು, ಹಾಗಾಗಿ ನೆಂಟರ್ಯಾರೂ ಕೀ ಕೇಳ್ತಿರಲಿಲ್ಲ. ಮಾವಿನ ಮಂಡಿ ಮುಂದೆ ನಾನು ರಿವರ್ಸ್ ಹಾಕಿದ್ರೆ ಹಮಾಲಿಗಳೂ ನಿಂತು ನೋಡ್ತಿದ್ರು. ಭುಜದ ನೋವು ತಡೆಯೋಕಾಗದೆ ರಿಪೇರಿ ಮಾಡಿಸಿದೆ.

ಸಂಜೆ ಕಾರು ಮನೆಗೆ ಬಂತು. ನಾನು ಕೈಕಾಲು ತೊಳೆದು ಬರೋದ್ರೊಳಗೆ ಭಾಮೈದ ಚಲಪತಿ ಹತ್ತಿ ಕೂತು, ಒಂದೇ ಬೆರಳಲ್ಲಿ ಬೀದಿ ಸುತ್ತಿಸ್ಕೊಂಡು ಬಂದ.

"ಏನ್ ಬಾವ, ಇಷ್ಟಕ್ಕಾ ನೀವು ಅಷ್ಟು ಬೆವರ್ತಿದ್ದಿದ್ದು?"

ಬೀದಿಯವರು ನಕ್ಕರು, ಹೋಗ್ಲಿ. ಎರಡು ವರ್ಷ ನನ್ನ ತೋಳನ್ನೇ ಹೊಗಳ್ತಿದ್ದ ನನ್ನ ಹೆಂಡತಿ ಸರಳಾನೂ ನಕ್ಕಳು. ಹೊಟ್ಟೆ ಉರೀತಿರೋದು ಅದಕ್ಕೆ.

"ನಾಳೆ ಮುಳಬಾಗಿಲಿಗೆ ಅವನೇ ಓಡಿಸ್ಲಿ ಕಣ್ರೀ, ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ" ಅಂದ್ಲು.

ಸತ್ತಾರ್ ಭಾಯ್‌ಗೆ ಕೂಲಿ ಸಿಕ್ತು. ಚಲಪತಿಗೆ ಕೀ ಸಿಕ್ತು. ಸರಳಾಗೆ ಡ್ರೈವರ್ ಸಿಕ್ಕಿದ. ನನಗೆ ಹಿಂದಿನ ಸೀಟು. ಭುಜ ಮಾತ್ರ ಇನ್ನೂ ನೋಯ್ತಾನೇ ಇದೆ.